ಸಿಂಕ್ ಒತ್ತುವ ಮೊದಲು ಎರಡೂ ಪುಸ್ತಕ ನೋಡಿ

ಈ ಬೇಸಿಗೆ ರಜೆಯಲ್ಲಿ ಮಾಮು ತಮ್ಮ ಹಳೆಯ ಐಪಾಡ್ ಕ್ಲಾಸಿಕ್ ಅನ್ನು ನನಗೆ ಕೊಟ್ಟರು. 120 ಜಿಬಿಯದು. ದಮ್ಮಾಮ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಕೊಂಡದ್ದು. ಮುಂದೆ ಉರುಟು ಚಕ್ರ, ಹಿಂದೆ ತುಂಬಾ ಗೀರು ಬಿದ್ದ ಸ್ಟೀಲ್. ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ. ಸೆಕೆಂಡ್ ಪಿಯುಸಿ ವರ್ಷಕ್ಕೆ ಇದೇ ಒಳ್ಳೆಯದು ಎಂದು ಅಬ್ಬಾ ಕೂಡ ಒಪ್ಪಿದರು.

ಅದರಲ್ಲಿ ಮಾಮುವಿನ ಗಜಲ್, ಕವ್ವಾಲಿಗಳು ಇದ್ದವು. ನಾನಿಗಾಗಿ ತುಂಬಿಸಿದ ನಾತ್‌ಗಳೂ ಇದ್ದವು. (ಸಂಗೀತ ಕೇಳಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲೂ ನಡೆಯುತ್ತದೆ. ಅದನ್ನು ಇಲ್ಲಿ ಎತ್ತುವುದಿಲ್ಲ.) ಇವುಗಳ ನಡುವೆ ನಾನಾ ಮಾತಾಡಿದ 14 ರೆಕಾರ್ಡಿಂಗ್‌ಗಳಿದ್ದವು. ನಾನಾ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಅವನ್ನು ರೆಕಾರ್ಡ್ ಮಾಡಿದ್ದ ಮಾಮುವಿನ ಲ್ಯಾಪ್‌ಟಾಪ್ ಕೆಟ್ಟು ಗುಜರಿಗೆ ಹೋಗಿ ವರ್ಷಗಳಾದವು. ಬೇರೆ ಎಲ್ಲೂ ಪ್ರತಿ ಇಲ್ಲ.

ಆಪಾ ಟ್ಯಾಲಿ ಕಲಿಯಲೆಂದು ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ನಮ್ಮ ಮನೆಯಲ್ಲಿದೆ. ಅದಕ್ಕೆ ಐಟ್ಯೂನ್ಸ್ ಹಾಕಿ, ನನ್ನ ಸುಮಾರು ನಲವತ್ತು ಹಾಡುಗಳನ್ನು ಸೇರಿಸಿ, ಐಪಾಡ್ ಚುಚ್ಚಿದೆ. ಒಂದು ಪ್ರಶ್ನೆ ಬಂತು. ಈ ಐಪಾಡ್ ಬೇರೆ ಲೈಬ್ರರಿಗೆ ಸೇರಿದ್ದು, ಇದನ್ನು ಅಳಿಸಿ ಈ ಲೈಬ್ರರಿಯ ಜೊತೆ ಸಿಂಕ್ ಮಾಡಲೇ ಎಂದು. ನಾನು ಓದಿದ್ದು ‘ಸಿಂಕ್’ ಎಂಬ ಪದ ಒಂದನ್ನೇ. ಬೆರಳು ಮೌಸ್ ಮೇಲಿತ್ತು. ಹಿಂದೆ ನಿಂತಿದ್ದ ಆಪಾ, “ಅರೇ, ಪೈಲೆ ಪಡ್!” ಎಂದು ಕೈ ಹಿಡಿದಳು. ಮೊದಲು ಓದು ಅಂತ.

ಒತ್ತಿದ್ದರೆ ಐಪಾಡ್‌ನಲ್ಲಿ ನನ್ನ ನಲವತ್ತು ಹಾಡು ಉಳಿಯುತ್ತಿದ್ದವು. ಉಳಿದದ್ದೆಲ್ಲ ಹೋಗುತ್ತಿತ್ತು. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ, ಅದು ಕೇಳಿಯೇ ಕೇಳಿತ್ತು. ಓದದೆ ‘ಓಕೆ’ ಒತ್ತುವುದು ನನ್ನ ಚಾಳಿ. ನಿಮ್ಮದೂ ಇರಬಹುದು.

ಆದರೂ ಈ ಸಿಂಕ್ ಎಂಬ ಪದದ ಮೇಲೆ ನನಗೊಂದು ತಕರಾರಿದೆ. ಕೇಳಿದರೆ ಇಬ್ಬರು ಕೂತು ರಾಜಿ ಮಾಡಿಕೊಂಡಂತೆ ಅನ್ನಿಸುತ್ತದೆ. ಇಲ್ಲಿದ್ದದ್ದು ಅಲ್ಲಿಗೆ, ಅಲ್ಲಿದ್ದದ್ದು ಇಲ್ಲಿಗೆ ಬರುತ್ತದೆ ಅಂದುಕೊಳ್ಳುತ್ತೇವೆ. ಐಪಾಡ್‌ನಲ್ಲಿ ಹಾಗಿಲ್ಲ. ಕಂಪ್ಯೂಟರಿನ ಲೈಬ್ರರಿ ಧಣಿ, ಪ್ಲೇಯರ್ ಅದರ ನೆರಳು. ಲೈಬ್ರರಿಯಲ್ಲಿ ಇಲ್ಲದ್ದು ಪ್ಲೇಯರ್‌ನಲ್ಲಿ ಇರಬಾರದು ಎಂಬುದೇ ಅದರ ಲೆಕ್ಕ.

ಕಾಮರ್ಸ್‌ನವರಿಗೆ ಇದನ್ನು ಹೇಳುವುದು ಸುಲಭ. ಫಸ್ಟ್ ಪಿಯುಸಿಯಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಮಾಡಿದ್ದೇವೆ. ಕ್ಯಾಶ್ ಬುಕ್ ಒಂದು ಬಾಕಿ ತೋರಿಸುತ್ತದೆ, ಪಾಸ್ ಬುಕ್ ಇನ್ನೊಂದು. ಆಗ ಯಾರಾದರೂ ಪಾಸ್ ಬುಕ್ ಹರಿದು ಹಾಕಿ ಕ್ಯಾಶ್ ಬುಕ್ ನೋಡಿ ಹೊಸದು ಬರೆಯುತ್ತಾರೆಯೇ? ವ್ಯತ್ಯಾಸ ಎಲ್ಲಿಂದ ಬಂತು ಎಂದು ಒಂದೊಂದಾಗಿ ಹುಡುಕುತ್ತೇವೆ. ನಾವು ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ, ನಾವು ಕಟ್ಟಿದ ಚೆಕ್ ಇನ್ನೂ ಜಮಾ ಆಗಿಲ್ಲ, ಬ್ಯಾಂಕ್ ಚಾರ್ಜ್ ಹಿಡಿದದ್ದು ನಮ್ಮ ಪುಸ್ತಕದಲ್ಲಿ ಬರೆದಿಲ್ಲ. ಕಾರಣ ಸಿಕ್ಕಮೇಲೆಯೇ ಬಾಕಿ ಸರಿಹೊಂದುತ್ತದೆ. ಮ್ಯೂಸಿಕ್ ಪ್ಲೇಯರ್‌ಗೂ ಇದೇ ಕ್ರಮ ಬೇಕು ಎಂಬುದು ನನ್ನ ವಾದ. ಹಾಡು ಬರುತ್ತಿಲ್ಲ ಎಂದ ತಕ್ಷಣ ‘ರಿಸ್ಟೋರ್ ಮಾಡು’ ಎನ್ನುವ ಗೆಳೆಯರಿದ್ದಾರೆ. ಅದು ಪಾಸ್ ಬುಕ್ ಹರಿದ ಹಾಗೆಯೇ. ಐಪಾಡ್ ಖಂಡಿತ ಸರಿಯಾಗುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ.

ಕಾರಣ ಹುಡುಕಲು ಒಳಗಿನ ವ್ಯವಸ್ಥೆ ಸ್ವಲ್ಪ ತಿಳಿದಿರಬೇಕು. ಐಪಾಡ್ ಕ್ಲಾಸಿಕ್‌ನ ಒಳಗೆ ಒಂದು ಹಾರ್ಡ್ ಡಿಸ್ಕ್ ಇದೆ. ಅದರಲ್ಲಿ ‘ಐಪಾಡ್ ಕಂಟ್ರೋಲ್’ ಎಂಬ ಅಡಗಿಸಿಟ್ಟ ಫೋಲ್ಡರ್, ಅದರೊಳಗೆ ‘ಮ್ಯೂಸಿಕ್’, ಅದರೊಳಗೆ ಎಫ್00, ಎಫ್01 ಎಂದು ಸಾಲಾಗಿ ಫೋಲ್ಡರ್‌ಗಳು. ಹಾಡುಗಳ ಫೈಲಿಗೆ ಅರ್ಥವಿಲ್ಲದ ನಾಲ್ಕು ಅಕ್ಷರದ ಹೆಸರು. ಯಾವ ಫೈಲ್ ಯಾವ ಹಾಡು ಎಂಬುದು ಬೇರೆಯೇ ಒಂದು ಡೇಟಾಬೇಸ್ ಫೈಲಿನಲ್ಲಿದೆ. ಅಂದರೆ ಗೋಡೌನ್ ಬೇರೆ, ಸ್ಟಾಕ್ ರಿಜಿಸ್ಟರ್ ಬೇರೆ. ರಿಜಿಸ್ಟರ್ ಹಾಳಾದರೆ ಐಪಾಡ್ ಸೊನ್ನೆ ಹಾಡು ಎನ್ನುತ್ತದೆ, ಜಾಗ ಮಾತ್ರ ತುಂಬಿರುತ್ತದೆ. ಐಟ್ಯೂನ್ಸ್ ಅದನ್ನು ‘ಅದರ್’ ಎಂದು ತೋರಿಸುತ್ತದೆ. ಸಾಮಾನು ಗೋಡೌನಿನಲ್ಲೇ ಇದೆ, ಗಾಬರಿ ಬೇಡ. ಇದರ ತಿರುಗುಮುರುಗು ಕಂಪ್ಯೂಟರಿನ ಕಡೆ ಆಗುತ್ತದೆ. ಹಾಡಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಬಂದರೆ ರಿಜಿಸ್ಟರಿನಲ್ಲಿ ಹೆಸರಿದೆ, ಫೈಲ್ ಜಾಗ ಬಿಟ್ಟಿದೆ. ನೀವೇ ಬೇರೆ ಡ್ರೈವಿಗೆ ಸರಿಸಿ ಮರೆತಿರುತ್ತೀರಿ. ಅಂಥ ಹಾಡು ಪ್ಲೇಯರ್‌ಗೆ ಹೋಗುವುದಿಲ್ಲ.

ನಾವು ಮಾಡಿದ್ದು ಇಷ್ಟು. ಆ ಪ್ರಶ್ನೆಗೆ ‘ಕ್ಯಾನ್ಸಲ್’ ಒತ್ತಿದೆವು. (ಐಟ್ಯೂನ್ಸ್ ತೆರೆದಿಟ್ಟು ಕಂಟ್ರೋಲ್, ಶಿಫ್ಟ್ ಎರಡೂ ಕೀ ಹಿಡಿದುಕೊಂಡು ಕೇಬಲ್ ಚುಚ್ಚಿದರೆ ಸಿಂಕ್ ತಾನಾಗಿ ಶುರುವಾಗುವುದಿಲ್ಲ. ಇದು ವಿಂಡೋಸ್‌ನ ಮಾತು.) ಮಾಮು ಅದನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಬಳಸಿದ್ದರಿಂದ ಪೆನ್ ಡ್ರೈವ್ ಹಾಗೆ ತೆರೆಯಿತು. ಅಡಗಿದ ಫೈಲ್ ತೋರಿಸು ಎಂಬುದನ್ನು ಆನ್ ಮಾಡಿ, ‘ಮ್ಯೂಸಿಕ್’ ಫೋಲ್ಡರ್ ಪೂರ್ತಿ ನಕಲು ಮಾಡಿಕೊಂಡೆವು. ಕಟ್ ಅಲ್ಲ, ಕಾಪಿ. ನಮ್ಮ ಕಂಪ್ಯೂಟರ್‌ಗೆ ವಯಸ್ಸಾಗಿದೆ, ಮಗ್ರಿಬ್ ಮುಗಿದು ಇಶಾ ಆದರೂ ಅದು ಮುಗಿಯಲಿಲ್ಲ.

ಆ ಫೋಲ್ಡರನ್ನು ಐಟ್ಯೂನ್ಸ್‌ಗೆ ಕೊಟ್ಟಾಗ ಗಜಲ್‌ಗಳೆಲ್ಲ ತಮ್ಮ ಹೆಸರು, ಗಾಯಕರ ಹೆಸರಿನ ಸಮೇತ ಬಂದವು. ಎಂಪಿ3 ಫೈಲಿನ ಒಳಗೇ ಹೆಸರು ಬರೆದಿರುತ್ತದೆ, ಹೊರಗಿನ ಹೆಸರು ಏನಾದರೂ ಆಗಲಿ. ನಾನಾನ ರೆಕಾರ್ಡಿಂಗ್‌ಗಳು ಮಾತ್ರ ಹೆಸರಿಲ್ಲದೆ ಬಂದವು. ಮಾಮು ಅವನ್ನು ವೇವ್ ಫೈಲುಗಳಾಗಿ ಇಟ್ಟಿದ್ದರು. ವೇವ್ ಫೈಲಿಗೆ ಐಟ್ಯೂನ್ಸ್ ಹೆಸರನ್ನು ತನ್ನ ರಿಜಿಸ್ಟರಿನಲ್ಲಿ ಮಾತ್ರ ಬರೆದುಕೊಳ್ಳುತ್ತದೆ, ಫೈಲಿನೊಳಗೆ ಬರೆಯುವುದಿಲ್ಲ. ಆ ಮೂರು ಸಾವಿರ ಫೈಲುಗಳಲ್ಲಿ ವೇವ್‌ಗಳನ್ನಷ್ಟೇ ಹುಡುಕಿದಾಗ 14 ಸಿಕ್ಕವು. ನಾಲ್ಕು ಅಕ್ಷರದ 14 ಹೆಸರು.

ಮರುದಿನ ಅಮ್ಮಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದೊಂದಾಗಿ ಹಾಕಿದೆ. ಅವರು ಕೇಳಿ ಹೇಳಬೇಕು, ನಾನು ಹೆಸರು ಟೈಪ್ ಮಾಡಬೇಕು. ಮೊದಲನೆಯದರಲ್ಲಿ ನಾನಾ ಬೀಡಿ ಕಾರ್ಖಾನೆಯ ದಿನಗಳ ಬಗ್ಗೆ ಹೇಳುತ್ತಿದ್ದರು. ಮೂರನೆಯದರಲ್ಲಿ ಮಾತಿಗಿಂತ ಕೆಮ್ಮು ಹೆಚ್ಚು. ಆರನೆಯದರಲ್ಲಿ ಹಿಂದಿನಿಂದ ಒಂದು ಮಗು ಅಳುವುದು ಕೇಳಿಸಿತು. “ಅದು ನೀನೇ” ಎಂದರು ಅಮ್ಮಿ. ಅವತ್ತು ಅಲ್ಲಿಗೇ ನಿಲ್ಲಿಸಿದೆವು. 14 ಮುಗಿಸಲು ನಾಲ್ಕು ದಿನ ಹಿಡಿಯಿತು.

ಈಗ ಅವು ಕಂಪ್ಯೂಟರಿನಲ್ಲಿವೆ, ಒಂದು ಪೆನ್ ಡ್ರೈವಿನಲ್ಲಿವೆ, ಮಾಮುವಿನ ಫೋನಿನಲ್ಲೂ ಇವೆ. ಆಮೇಲಷ್ಟೇ ಐಪಾಡನ್ನು ಅಳಿಸಿ ಸಿಂಕ್ ಮಾಡಿದೆ. ನಂತರ ‘ಮ್ಯಾನ್ಯುಯಲ್ ಆಗಿ ನಿರ್ವಹಿಸು’ ಎಂಬಲ್ಲಿ ಟಿಕ್ ಹಾಕಿದ್ದೇನೆ. ಇನ್ನು ನಾನು ಹಾಕಿದ್ದು ಬರುತ್ತದೆ, ತೆಗೆದದ್ದು ಹೋಗುತ್ತದೆ.

ಎಲ್ಲವೂ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಸಿಗುವಾಗ ಈ ಹಳೇ ಡಬ್ಬಿ ಯಾಕೆ ಎಂದು ನಮ್ಮ ಸೆಕ್ಷನ್‌ನಲ್ಲಿ ಕೇಳಿದರು. ಗಜಲ್ ಸಿಗುತ್ತದೆ, ಒಪ್ಪುತ್ತೇನೆ. ಚಂದಾ ನಿಲ್ಲಿಸಿದ ದಿನ ಡೌನ್‌ಲೋಡ್ ಮಾಡಿದ್ದೂ ಬಾಗಿಲು ಹಾಕಿಕೊಳ್ಳುತ್ತದೆ ಎಂಬುದನ್ನು ಸದ್ಯಕ್ಕೆ ಬಿಡೋಣ. ನನ್ನ ನಾನಾ ಯಾವ ಆ್ಯಪ್‌ನಲ್ಲೂ ಇಲ್ಲ.

ಐಪಾಡ್ ಕ್ಲಾಸಿಕ್ 2014ರಲ್ಲಿ ನಿಂತಿತು. ಕೊನೆಯ ಐಪಾಡ್ ಆಗಿದ್ದ ಟಚ್ ಕೂಡ 2022ರಲ್ಲಿ ನಿಂತಿತು. ಹೊಸದು ಬರುವುದಿಲ್ಲ, ಇರುವುದರ ಬ್ಯಾಟರಿ, ಡಿಸ್ಕ್ ಸವೆಯುತ್ತಿವೆ. ಹಳೆಯ ಎಂಪಿ3 ಪ್ಲೇಯರ್, ಬಟನ್ ಫೋನುಗಳ ಕಥೆಯೂ ಇದೇ. ನಮ್ಮಲ್ಲಿ ಎಷ್ಟೋ ಮನೆಯವರು ಗಲ್ಫ್‌ನಲ್ಲಿದ್ದು ಬಂದವರು. ಕಪಾಟಿನಲ್ಲಿ ಇಂಥದ್ದೊಂದು ಬಿದ್ದಿರದ ಮನೆ ಕಡಿಮೆ.

ಆದ್ದರಿಂದ ಪ್ರಿನ್ಸಿಪಾಲ್ ಸಾಹೇಬರಲ್ಲಿ ಮತ್ತು ಕಂಪ್ಯೂಟರ್ ಸೈನ್ಸ್ ಮೇಡಮ್ ಅವರಲ್ಲಿ ಒಂದು ವಿನಂತಿ. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿದ ಮೇಲೆ ಲ್ಯಾಬನ್ನು ಎರಡು ಗಂಟೆ ತೆರೆದಿಡಿ. ಇಂಟರ್ನೆಟ್ ಬೇಕಿಲ್ಲ. ಮನೆಯಿಂದ ಹಳೆಯ ಪ್ಲೇಯರ್, ಫೋನ್ ತಂದವರು ಅದರಲ್ಲಿ ಇರುವುದನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಹೆಸರು ಹಾಕಿಕೊಂಡು ಹೋಗಲಿ. ಕ್ಯಾಂಪಸ್ಸಿಗೆ ಫೋನ್ ತರಬಾರದೆಂಬ ನಿಯಮಕ್ಕೆ ಆ ಎರಡು ಗಂಟೆ ಮಾತ್ರ ವಿನಾಯಿತಿ ಬೇಕಾಗುತ್ತದೆ. ಪೋಷಕರ ಚೀಟಿ ಕೇಳಿದರೂ ಸರಿ.

ಹಳೆಯ ಐಪಾಡ್‌ನ ಅಗಲ ಪಿನ್ನಿನ ಕೇಬಲ್ ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ನನ್ನ ಬಳಿ ಎರಡು ಇವೆ, ತರುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ