ಬಸ್ಸಿನ ಪ್ರಯೋಜನವನ್ನು ಅಳೆಯುವ ಬಗೆ

ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಾಡಿನ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕಲ್ಪಿಸಿದ 'ಶಕ್ತಿ' ಯೋಜನೆಯು 2023ರ ಜೂನ್ 11ರಂದು ಆರಂಭವಾಯಿತು. ನಿರ್ವಾಹಕರು ನೀಡುವ ಶೂನ್ಯ ದರದ ಚೀಟಿಗಳನ್ನೆಣಿಸಿ ಅದರ ಪ್ರಯೋಜನವನ್ನು ಸಾರುವುದು ವಾಡಿಕೆಯಾಗಿದೆ. ಎಣಿಕೆ ಸುಳ್ಳಲ್ಲ; ಆದರೆ ಅದು ಬಸ್ಸನ್ನೇರಿದವರ ಲೆಕ್ಕ ಮಾತ್ರ. ರಾಮನಗರ, ಚನ್ನಪಟ್ಟಣಗಳಿಗೆ ಮೈಸೂರು ಮಾರ್ಗದ ರೈಲಾದರೂ ಉಂಟು. ಮಾಗಡಿ, ಕನಕಪುರ ಪಟ್ಟಣಗಳಿಗೆ ಅದೂ ಇಲ್ಲ. ಅಲ್ಲಿಗೆ ಓದಲು ಬರುವ ಹಳ್ಳಿಯ ಬಾಲಿಕೆಗೆ ಬಹುಮಟ್ಟಿಗೆ ಬಸ್ಸೇ ಗತಿ. ತುಂಬಿದ ಬಸ್ಸು ನಿಲ್ಲದೆ ಹೋದರೆ ಆಕೆಗೆ ತಪ್ಪಿದ ಮೊದಲ ಪಾಠವು ಯಾವ ಚೀಟಿಯಲ್ಲಿಯೂ ಮುದ್ರಿತವಾಗದು.

ಉಪಗ್ರಹದ ನೆರವಿನಿಂದ ವಾಹನವಿರುವ ಸ್ಥಳವನ್ನು ಕ್ಷಣಕ್ಷಣಕ್ಕೂ ತಿಳಿಸುವ ಉಪಕರಣಗಳು ಇಂದು ದುರ್ಲಭವಲ್ಲ. ಆ ಸುದ್ದಿ ಅಧಿಕಾರಿಯ ಮೇಜನ್ನು ಮುಟ್ಟಿದರೆ ಸಾಲದು, ಹಳ್ಳಿಯ ನಿಲ್ದಾಣದಲ್ಲಿ ಕಾದು ನಿಂತವಳನ್ನೂ ಮುಟ್ಟಬೇಕು. ಆಕೆ ಕಾದ ನಿಮಿಷಗಳನ್ನೂ, ತಡವಾಗಿ ಬಂದ ದಿನಗಳನ್ನೂ ಮೊದಲು ಎಣಿಸುವುದು ಯುಕ್ತ. ಹಾಜರಿ ಪುಸ್ತಕವಂತೂ ಉಪಾಧ್ಯಾಯರ ಕೈಯಲ್ಲಿಯೇ ಇದೆ.