ಸಸಿಯ ಬುಡಕ್ಕೆ ನಗರದ ಕಸವೇ?

1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಇಂದಿಗೂ ಪ್ರತಿ ಜುಲೈನಲ್ಲಿ ನಡೆಯುತ್ತದೆ. ಸಸಿ ನೆಡುವುದು ಸುಲಭ. ಅದು ಮುಂದಿನ ಬೇಸಿಗೆಯನ್ನು ದಾಟುವುದೇ ಕಷ್ಟ. ಯಲಹಂಕ, ಹೆಬ್ಬಾಳದ ಸುತ್ತಲಿನ ಕೆಂಪುಮಣ್ಣಿನಲ್ಲಿ ತೇವ ಬಹುಕಾಲ ನಿಲ್ಲದು. ಬೇರು ಆಳಕ್ಕಿಳಿಯುವ ಮುನ್ನವೇ ಮೇಲ್ಪದರ ಒಣಗಿ ಎಳೆಯ ಸಸಿ ಸಾಯುತ್ತದೆ.

ಡೈಪರ್‌ನ ಒಳಗಿರುವ ಹೀರುವ ಪುಡಿಯನ್ನೇ ಬುಡಕ್ಕೆ ಹಾಕಿದರೆ ಹೇಗೆ ಎಂಬ ವಿಚಾರ ಹಲವರನ್ನು ಆಕರ್ಷಿಸಿದೆ. ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಈ ಪುಡಿ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ನಿಜ. ಆದರೆ ಲವಣವುಳ್ಳ ನೀರಿನಲ್ಲಿ ಆ ಶಕ್ತಿ ಬಹಳ ಕುಗ್ಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಊದಗೊಡದು. ಸೋಡಿಯಂ ಹೆಚ್ಚಾದರೆ ಜೇಡಿಕಣಗಳು ಚದುರಿ ಮಣ್ಣು ಬಿಗಿಯುತ್ತದೆ. ಕೃಷಿಗೆಂದೇ ತಯಾರಾಗುವ ಜೆಲ್‌ಗಳಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಲವಣವನ್ನು ಬಳಸುವುದು ಇದರಿಂದಲೇ. ಬಳಸಿದ ಡೈಪರ್‌ನಲ್ಲಿ ಇದರ ಜೊತೆಗೆ ರೋಗಾಣು, ಪ್ಲಾಸ್ಟಿಕ್ ಎರಡೂ ಇವೆ. 2015ರ ಹೈಕೋರ್ಟ್ ಆದೇಶದ ತರುವಾಯ ಬೆಂಗಳೂರಿನಲ್ಲಿ ಇಂಥ ಕಸಕ್ಕೆ ಪ್ರತ್ಯೇಕ ಕೆಂಪು ಬುಟ್ಟಿ ಬಂದದ್ದು ಸುಮ್ಮನೆ ಅಲ್ಲ. ಶುದ್ಧೀಕರಿಸಿ ಬೇರ್ಪಡಿಸುವ ಕಾರ್ಖಾನೆಯಿಲ್ಲದೆ ಅದು ಹೊಲಕ್ಕೆ ಬರುವುದು ಮರುಬಳಕೆಯಲ್ಲ, ಕಸದ ವಿಳಾಸ ಬದಲಾವಣೆ ಮಾತ್ರ.

ಯಲಹಂಕದ ಸಮೀಪದ ಮಾವಳ್ಳಿಪುರ ಆ ವಿಳಾಸವಾಗಿ ನೋವುಂಡಿದೆ. ನಗರದ ಕಸದಿಂದ ಅಲ್ಲಿಯ ನೀರು ಕೆಟ್ಟಿತು. ಗ್ರಾಮಸ್ಥರ ಹೋರಾಟದ ಬಳಿಕ 2012ರಲ್ಲಿ ಸುರಿಯುವುದು ನಿಂತಿತು. ಗುಡ್ಡಗಾಡಿನವರು ಇದನ್ನು ಮರೆಯಬಾರದು. ಇಳಿಜಾರಿನಲ್ಲಿ ಸೇರಿದ್ದೆಲ್ಲ ಮಳೆಗೆ ತೊಳೆದು ಕೆಳಗಿನ ಕೆರೆಯನ್ನೇ ಸೇರುತ್ತದೆ.

ಹೀರುವ ತ್ಯಾಜ್ಯ ಬೇಕೆಂದರೆ ನಮ್ಮಲ್ಲಿಯೇ ಇದೆ. ನಾರು ತೆಗೆದ ಮೇಲೆ ಉಳಿಯುವ ತೆಂಗಿನ ಸಿಪ್ಪೆಯ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಹಸಿ ಪುಡಿಯಲ್ಲಿ ಲವಣ ಹಾಗೂ ಟ್ಯಾನಿನ್ ಇರುವುದರಿಂದ ತೊಳೆದು, ಕಳಿಸಿ ಬಳಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ನರ್ಸರಿಗಳಿಗೆಂದೇ ಹುದುಗಿಸಿದ ತೆಂಗಿನ ಪುಡಿಯ ವಿಧಾನವನ್ನು ರೂಪಿಸಿದೆ. ಜೆಲ್ಲೇ ಬೇಕೆನ್ನುವವರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ, ಸೆಲ್ಯುಲೋಸ್ ಆಧಾರಿತ ಪೂಸಾ ಹೈಡ್ರೋಜೆಲ್ ಇದೆ.

ಆದರೂ ಯಾವ ಪುಡಿಯೂ ನೀರನ್ನು ಸೃಷ್ಟಿಸದು. ಬಿದ್ದ ನೀರನ್ನು ತುಸು ಕಾಲ ಹಿಡಿದಿಡುತ್ತದೆ, ಅಷ್ಟೆ. ಮೊದಲ ಮಳೆಗೇ ನೆಡುವುದು, ಇಳಿಜಾರಿಗೆ ಅಡ್ಡಲಾಗಿ ಪಾತಿ ಮಾಡುವುದು, ದರಕಿನ ಹೊದಿಕೆ ಹಾಕುವುದು ಮೊದಲು ಆಗಬೇಕು. ವಿದ್ಯಾರ್ಥಿಗಳು ಈ ಮಳೆಗಾಲ ಮೂರು ಸಾಲು ನೆಡಲಿ: ಏನೂ ಹಾಕದ್ದು, ಹೊದಿಕೆ ಮಾತ್ರ ಇರುವುದು, ಹೊದಿಕೆಯೊಡನೆ ಕಳಿತ ತೆಂಗಿನ ಪುಡಿ ಇರುವುದು. ನೆಟ್ಟ ದಿನದ ಛಾಯಾಚಿತ್ರಕ್ಕಿಂತ, ಮೇ ತಿಂಗಳಲ್ಲಿ ಬದುಕಿ ಉಳಿದ ಸಸಿಗಳ ಲೆಕ್ಕವೇ ನಿಜವಾದ ವನಮಹೋತ್ಸವ.