ದುರ್ಬೀನಿಗೆ ಮೊದಲು ಅದರ ಪೀಠ

ನಮ್ಮ ವಾಚಕರಲ್ಲೊಬ್ಬರು, ಬಯಲುಸೀಮೆಯ ಗೃಹಸ್ಥರು, ಹೀಗೆ ಬರೆದು ಕೇಳಿರುವರು. ಅವರ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿರುವಳು. ಶನಿಗ್ರಹದ ಬಳೆಯನ್ನು ಕಣ್ಣಾರೆ ಕಾಣಬೇಕೆಂದು ಆಕೆಗೆ ಎರಡು ವರ್ಷಗಳಿಂದ ಹಂಬಲ. ಅದಕ್ಕಾಗಿ ಮನೆಯವರು ತಿಂಗಳು ತಿಂಗಳೂ ಉಳಿಸಿ ಸ್ವಲ್ಪ ಹಣವನ್ನು ಕೂಡಿಸಿಟ್ಟಿರುವರು. ಈ ಹಣಕ್ಕೆ ಬರುವ ದುರ್ಬೀನುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪಟ್ಟು ಹಿಗ್ಗಿಸಿ ತೋರಿಸುವುದು ಯಾವುದು? ನಕ್ಷತ್ರಗಳನ್ನು ತಾನಾಗಿ ಬೆಂಬತ್ತುವ ಪೀಠವೂ ಬೇಕೆ? ಇವು ಅವರ ಪ್ರಶ್ನೆಗಳು. ಇಂಥ ಹಣವನ್ನು ಒಂದು ಸಂಸಾರವು ಎರಡನೆಯ ಸಲ ಕೂಡಿಸುವುದು ಸುಲಭವಲ್ಲ. ಮಗುವಿನ ಕುತೂಹಲವು ಒಮ್ಮೆ ಆರಿಹೋದರೆ ಅದನ್ನು ಮತ್ತೆ ಹೊತ್ತಿಸುವುದು ಇನ್ನೂ ಕಷ್ಟ. ಆದಕಾರಣ ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಿಡುವೆವು.

ಮೊದಲನೆಯ ಪ್ರಶ್ನೆಯನ್ನು ಬೇರೆ ಬಗೆಯಾಗಿ ಕೇಳಬೇಕು. ದುರ್ಬೀನಿನ ಮುಖ್ಯ ಕೆಲಸವು ಬೆಳಕನ್ನು ಕೂಡಿಸುವುದು. ಹಿಗ್ಗಿಸುವುದು ಆಮೇಲಿನ ಮಾತು. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆಯು ಹೆಚ್ಚೆಂದರೆ 7 ಮಿಲಿಮೀಟರು ಅರಳುವುದು. 150 ಮಿಲಿಮೀಟರು ಅಗಲದ ದರ್ಪಣವು ಅದರ ಸುಮಾರು 450ರಷ್ಟು ಬೆಳಕನ್ನು ಹಿಡಿಯುವುದು. ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದು ಕಣ್ಣುಗಾಜನ್ನು ಅವಲಂಬಿಸಿದೆ. 1200 ಮಿಲಿಮೀಟರು ಸಂಗಮದೂರದ ದುರ್ಬೀನಿಗೆ 25ರ ಕಣ್ಣುಗಾಜನ್ನಿಟ್ಟರೆ 48 ಪಟ್ಟು, 10ರದನ್ನಿಟ್ಟರೆ 120 ಪಟ್ಟು. ಆದರೆ ಇದಕ್ಕೊಂದು ಎಲ್ಲೆಯುಂಟು. ಅಗಲದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟಿನಂತೆ ಎಣಿಸಿದರೆ, 70 ಮಿಲಿಮೀಟರಿನ ಗಾಜಿಗೆ 140 ಪಟ್ಟೇ ಪರಮಾವಧಿ. ಅಂಥದ್ದರ ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಮುದ್ರಿಸಿದ್ದರೆ, ಅದು ಒಂದು ಲೋಟ ಹಾಲಿಗೆ ಒಂದು ಕೊಡ ನೀರು ಬೆರೆಸಿದಂತೆ: ಅಳತೆ ಹೆಚ್ಚುವುದು, ಹಾಲು ಹೆಚ್ಚದು. ಶನಿಯ ಬಳೆಯನ್ನು ಕಾಣಲು 50 ಪಟ್ಟು ಸಾಕು. 2025ರ ಮಾರ್ಚಿ ತಿಂಗಳಲ್ಲಿ ಅಂಚು ಮಾತ್ರ ನಮ್ಮ ಕಡೆಗಿದ್ದ ಆ ಬಳೆಯು ಅಲ್ಲಿಂದೀಚೆಗೆ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತಿದೆ.

ಈಗ ಪೀಠದ ಮಾತು. ದುರ್ಬೀನು ಗ್ರಹವನ್ನು ನೂರು ಪಟ್ಟು ಹಿಗ್ಗಿಸುವಾಗ ತನ್ನ ಕಾಲುಗಳ ನಡುಕವನ್ನೂ ನೂರು ಪಟ್ಟು ಹಿಗ್ಗಿಸುವುದು. ಕಡ್ಡಿಯಂಥ ಮುಕ್ಕಾಲಿಯ ಮೇಲೆ ಎಂಥ ಒಳ್ಳೆಯ ಗಾಜನ್ನಿಟ್ಟರೂ, ತಿರುಪನ್ನು ಮುಟ್ಟಿದೊಡನೆ ಗುರುಗ್ರಹವು ಒಗ್ಗರಣೆಯ ಸಾಸಿವೆಯಂತೆ ಸಿಡಿದಾಡುವುದು. ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಸುಲಭ. ದೂರದ ಗೋಪುರದ ಕಳಶಕ್ಕೆ ದುರ್ಬೀನನ್ನು ಹೊಂದಿಸಿ, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಎಣಿಸತಕ್ಕದ್ದು. ಒಂದು, ಎರಡು ಎನ್ನುವಷ್ಟರಲ್ಲಿ ನೋಟವು ನಿಂತರೆ ಪೀಠವು ಗಟ್ಟಿ. ಐದಕ್ಕೂ ನಿಲ್ಲದಿದ್ದರೆ ಅದು ಮನೆಗೆ ಬೇಡ.

ನಡುಕದ ಮೇಲೆ ಆಕಾಶದ ಓಟವೊಂದಿದೆ. ಭೂಮಿಯು ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಅಂಶದಂತೆ, ಹಿರಿಯರ ಲೆಕ್ಕದಲ್ಲಿ ಗಳಿಗೆಗೆ 6 ಅಂಶದಂತೆ, ಪಶ್ಚಿಮಕ್ಕೆ ಸರಿಯುವುವು. ತಿರುಗುವುದು ಭೂಮಿಯೇ ಎಂದು ಹೇಳಿದ ಆರ್ಯಭಟನು 43,20,000 ವರ್ಷಗಳ ಯುಗವೊಂದರಲ್ಲಿ ಅದು 1,58,22,37,500 ಸುತ್ತು ತಿರುಗುವುದೆಂದು ‘ಆರ್ಯಭಟೀಯ’ದಲ್ಲಿ ಎಣಿಸಿಟ್ಟಿರುವನು. ಅವನು ಹೇಳುವ ಯುಗದ ದಿನಗಳನ್ನು ಈ ಸುತ್ತುಗಳಿಂದ ಭಾಗಿಸಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಬರುವುದು. ಇಂದಿನ ಬೆಂಬತ್ತುವ ಪೀಠದ ಮೋಟಾರು ಅನುಸರಿಸುವುದೂ ಈ ಗತಿಯನ್ನೇ. ನೂರು ಪಟ್ಟು ತೋರಿಸುವ ಸಾಮಾನ್ಯ ಕಣ್ಣುಗಾಜಿನಲ್ಲಿ ಕಾಣುವ ಆಕಾಶವು ಸುಮಾರು ಅರ್ಧ ಅಂಶ, ಅಂದರೆ ಪೂರ್ಣಚಂದ್ರನಷ್ಟು ಅಗಲ. ಗ್ರಹವು ಈ ಅಂಗಳವನ್ನು ದಾಟಲು ಎರಡು ನಿಮಿಷ ಸಾಕು. ಅಜ್ಜಿಯನ್ನು ಕೈಹಿಡಿದು ಕರೆತಂದು, ಕನ್ನಡಕ ತೆಗೆಸಿ, ಕಣ್ಣನ್ನು ಗಾಜಿಗೆ ಹೊಂದಿಸುವಷ್ಟರಲ್ಲಿ ಶನಿಯು ಹೊರಟುಹೋಗಿರುವನು.

ಪೀಠಗಳು ಮುಖ್ಯವಾಗಿ ಎರಡು ಬಗೆ. ಒಂದು, ಫಿರಂಗಿಯಂತೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗತಕ್ಕದ್ದು. ಇನ್ನೊಂದರಲ್ಲಿ ಒಂದು ಅಕ್ಷವನ್ನು ಧ್ರುವದ ಕಡೆಗೆ ಓರೆಯಾಗಿ ನಿಲ್ಲಿಸುವರು. ಆ ಒಂದೇ ಅಕ್ಷವು ಸಮಗತಿಯಲ್ಲಿ ತಿರುಗಿದರೆ ನಕ್ಷತ್ರವು ನೋಟದಲ್ಲಿ ನಿಲ್ಲುವುದು. ಅಂಗಡಿಯವರು ಇದನ್ನು ಈಕ್ವಟೋರಿಯಲ್ ಎನ್ನುವರು; ನಾವು ಧ್ರುವಾಕ್ಷ ಪೀಠವೆನ್ನೋಣ. 1824ರಲ್ಲಿ ಫ್ರೌನ್‌ಹೋಫರನು ಡಾರ್ಪಾಟಿನ, ಅಂದರೆ ಇಂದಿನ ಎಸ್ಟೋನಿಯ ದೇಶದ ಟಾರ್ಟುವಿನ, ವೀಕ್ಷಣಾಲಯಕ್ಕೆ ಮಾಡಿಕೊಟ್ಟ 24 ಸೆಂಟಿಮೀಟರಿನ ದುರ್ಬೀನು ಇಂಥ ಪೀಠದ ಮೇಲಿತ್ತು. ತೂಕದ ಗುಂಡಿನಿಂದ ನಡೆಯುವ ಗಡಿಯಾರಯಂತ್ರವು ಅದನ್ನು ತಿರುಗಿಸುತ್ತಿತ್ತು. ಸ್ಟ್ರೂವನು ಅದರ ನೆರವಿನಿಂದ 3,000ಕ್ಕೂ ಮಿಕ್ಕ ಜೋಡಿನಕ್ಷತ್ರಗಳ ಪಟ್ಟಿಯನ್ನು 1827ರಲ್ಲಿ ಪ್ರಕಟಿಸಿದನು.

ಆದರೆ ಈ ಪೀಠಕ್ಕೆ ನಮ್ಮ ನಾಡಿನಲ್ಲಿ ಒಂದು ತೊಡಕುಂಟು. ಧ್ರುವದ ಎತ್ತರವು ಊರಿನ ಅಕ್ಷಾಂಶದಷ್ಟೇ: ಬೆಂಗಳೂರಿನಲ್ಲಿ 13 ಅಂಶ, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ ಸುಮಾರು 18. ಪಕ್ಕದ ಮನೆಯ ತೆಂಗಿನಮರವೊಂದೇ ಧ್ರುವನಕ್ಷತ್ರವನ್ನು ಮರೆಮಾಡೀತು. ಉತ್ತರದ ಶೀತದೇಶಗಳಿಗೆಂದು ಮಾಡಿದ ಕೆಲವು ಪೀಠಗಳು ಇಷ್ಟು ತಗ್ಗಿಗೆ ಬಾಗುವುದೇ ಇಲ್ಲ. ಬಾಗಿದರೂ ಸಮತೂಕದ ದಂಡವು ಮುಕ್ಕಾಲಿಗೆ ತಗಲುವುದುಂಟು. ತಮ್ಮ ಊರಿನ ಅಕ್ಷಾಂಶವನ್ನು ಅಂಗಡಿಯವನಿಗೆ ತಿಳಿಸಿ, ಅಷ್ಟಕ್ಕೆ ಇಳಿಸಿ ತೋರಿಸೆಂದು ಕೇಳಿಯೇ ಕೊಳ್ಳತಕ್ಕದ್ದು.

ಮೊದಲ ಬಗೆಯ ಪೀಠವನ್ನು ಕೀಳೆಂದೆಣಿಸಲಾಗದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಎರಡು ದೊಡ್ಡ ದೂರದರ್ಶಕಗಳಲ್ಲಿ, ತಮಿಳುನಾಡಿನ ಕಾವಲೂರಿನ 2.34 ಮೀಟರಿನದು ಧ್ರುವಾಕ್ಷ ಪೀಠದ ಮೇಲಿದೆ. ಲಡಾಖಿನ ಹಾನ್ಲೆಯಲ್ಲಿದ್ದು ಹೊಸಕೋಟೆಯಿಂದ ನಡೆಯಿಸಲ್ಪಡುವ 2 ಮೀಟರಿನದು ಮೊದಲ ಬಗೆಯದು. ಎರಡು ಅಕ್ಷಗಳನ್ನೂ ಹದವರಿತು ತಿರುಗಿಸುವ ಲೆಕ್ಕವನ್ನು ಗಣಕಯಂತ್ರವು ನೋಡಿಕೊಳ್ಳುವುದು. ಮನೆಬಳಕೆಯ ಸಣ್ಣ ಮೋಟಾರು ಪೀಠಗಳೂ ಈಗ ಹೀಗೆಯೇ ಇವೆ. ರಾತ್ರಿಯ ಆರಂಭದಲ್ಲಿ ಎರಡು ಮೂರು ನಕ್ಷತ್ರಗಳನ್ನು ಅದಕ್ಕೆ ಗುರುತು ಹೇಳಿಕೊಟ್ಟರೆ ಉಳಿದವನ್ನು ತಾನೇ ಹುಡುಕಿ ಹಿಂಬಾಲಿಸುವುದು.

ಮೋಟಾರಿಲ್ಲದ ಪೀಠಗಳಲ್ಲಿ ಅತ್ಯಂತ ಸರಳವಾದುದನ್ನು ಜನಕ್ಕೆ ಪರಿಚಯಿಸಿದವರು ಜಾನ್ ಡಾಬ್ಸನ್ನರು. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಇವರು 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ವೇದಾಂತ ಮಠವನ್ನು ಸೇರಿ 1967ರ ವರೆಗೆ ಸಾಧುಗಳಾಗಿದ್ದರು. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆಯಲ್ಲಿಟ್ಟು, ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ಬೀದಿಯ ಬದಿಯಲ್ಲಿ ನಿಂತು ಹೋಗಿಬರುವವರಿಗೆಲ್ಲ ಚಂದ್ರನನ್ನು ತೋರಿಸಿದರು. 2014ರಲ್ಲಿ ತೀರಿಕೊಂಡ ಅವರ ಹೆಸರಿನಿಂದಲೇ ಈ ಪೀಠವನ್ನು ಡಾಬ್ಸೋನಿಯನ್ ಎನ್ನುವರು. ಇದು ನೆಲದ ಮೇಲೆ ಒರಳಿನಂತೆ ಕೂರುವುದು, ನಡುಗುವುದಿಲ್ಲ. ಬೆರಳಿನಿಂದ ನೂಕಿದರೆ ಸರಿಯುವುದು, ಬಿಟ್ಟರೆ ನಿಲ್ಲುವುದು. ಮೋಟಾರಿಗೆ ಹೋಗತಕ್ಕ ಹಣವು ದರ್ಪಣದ ಅಗಲಕ್ಕೆ ದಕ್ಕುವುದು.

ಹಾಗಾದರೆ ಆರಿಸುವುದು ಹೇಗೆ? ನೋಡುವವರು ಯಾರೆಂಬುದನ್ನು ಮೊದಲು ನಿಶ್ಚಯಿಸಬೇಕು. ಕಲಿಯುವ ಹುರುಪಿನ ಒಂದೆರಡು ಮಕ್ಕಳಿದ್ದರೆ, 150 ಮಿಲಿಮೀಟರಿನ ಡಾಬ್ಸೋನಿಯನ್ ಒಳ್ಳೆಯದು. ಆಕಾಶದ ಓಟವನ್ನು ಕೈಯಿಂದ ಹಿಂಬಾಲಿಸುವುದೇ ಅವರಿಗೊಂದು ಪಾಠವಾಗುವುದು. ನಮಗೆ ಬರೆದ ಗೃಹಸ್ಥರಿಗೂ ಇದೇ ನಮ್ಮ ಸಲಹೆ. ಅದು ಸುಮಾರು 15 ಕಿಲೋಗ್ರಾಮು ತೂಗುವುದರಿಂದ ಅಟ್ಟದ ಮೇಲಿಡದೆ ಬಾಗಿಲ ಬಳಿಯಲ್ಲೇ ಇಡತಕ್ಕದ್ದು. ಮನೆಯಲ್ಲಿ ವೃದ್ಧರೂ ಚಿಕ್ಕ ಮಕ್ಕಳೂ ಸಾಲಾಗಿ ನೋಡುವುದಾದರೆ, ಅಗಲವನ್ನು ಸ್ವಲ್ಪ ಬಿಟ್ಟುಕೊಟ್ಟಾದರೂ ಬೆಂಬತ್ತುವ ಪೀಠವನ್ನು ಕೊಳ್ಳುವುದು ಯುಕ್ತ. ಸರದಿಯ ಕಡೆಯವರಿಗೂ ಗ್ರಹವು ಕಾದಿರುವುದು. ನೀಹಾರಿಕೆಗಳ ಛಾಯಾಚಿತ್ರ ತೆಗೆಯುವ ಆಸೆಯಿದ್ದರೆ ಮಾತ್ರ ಧ್ರುವಾಕ್ಷ ಪೀಠವೇ ಬೇಕು, ಏಕೆಂದರೆ ಮೊದಲ ಬಗೆಯ ಪೀಠವು ಬೆಂಬತ್ತಿದರೂ ದೀರ್ಘಕಾಲದ ಚಿತ್ರದಲ್ಲಿ ನೋಟವು ಮೆಲ್ಲಗೆ ಸುತ್ತುವುದು. ಆಗ ಹಣದ ಅರ್ಧಕ್ಕಿಂತ ಹೆಚ್ಚು ಪೀಠಕ್ಕೇ ಹೋಗಲಿ. ಹಣವು ಇದಾವುದಕ್ಕೂ ಸಾಲದಿದ್ದರೆ, ಅಗ್ಗದ ಮುಕ್ಕಾಲಿಯ ದುರ್ಬೀನನ್ನು ಕೊಳ್ಳುವುದಕ್ಕಿಂತ 10 ಪಟ್ಟಿನ 50 ಮಿಲಿಮೀಟರು ಜೋಡಿದುರ್ಬೀನು ಲೇಸು. ಚಂದ್ರನ ಕುಳಿಗಳು, ಕೃತ್ತಿಕೆಯ ಗೊಂಚಲು, ಮೊಳಕೈಯನ್ನು ಗೋಡೆಗೆ ಊರಿದರೆ ಗುರುವಿನ ನಾಲ್ಕು ಉಪಗ್ರಹಗಳು, ಇಷ್ಟೂ ಅದರಲ್ಲಿ ಕಾಣುವುವು.

ಯಾವುದನ್ನು ಕೊಂಡರೂ ಕೆಲವು ಎಚ್ಚರಿಕೆಗಳು ಅವಶ್ಯಕ. ಹಗಲೆಲ್ಲ ಕಾದ ತಾರಸಿಯು ರಾತ್ರಿ ಬಿಸಿಯುಗುಳಿ ನೋಟವನ್ನು ಕಲಕುವುದು. ಹಿತ್ತಲ ಮಣ್ಣುನೆಲವೇ ಮೇಲು. ಮಲೆನಾಡಿನವರೂ ಕರಾವಳಿಯವರೂ ಮಳೆಗಾಲದಲ್ಲಿ ಗಾಜಿಗೆ ಬೂಸು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿಡಬೇಕು. ಎಲ್ಲಕ್ಕಿಂತ ಮಿಗಿಲಾದುದು ಸೂರ್ಯನ ವಿಷಯ. ದುರ್ಬೀನಿನ ಮುಂಭಾಗಕ್ಕೆ ತಕ್ಕ ಶೋಧಕವಿಲ್ಲದೆ ಸೂರ್ಯನತ್ತ ಒಂದು ಕ್ಷಣ ನೋಡಿದರೂ ಕಣ್ಣು ಶಾಶ್ವತವಾಗಿ ಹೋದೀತು. ಕಣ್ಣುಗಾಜಿಗೆ ತಿರುಪುವ ಕಪ್ಪುಗಾಜು ಕಾವಿಗೆ ಸೀಳುವುದರಿಂದ, ಪೆಟ್ಟಿಗೆಯಲ್ಲಿ ಅದು ಬಂದಿದ್ದರೆ ಅಂದೇ ಒಡೆದು ಎಸೆಯತಕ್ಕದ್ದು. ಹಗಲಿನಲ್ಲಿ ಯಂತ್ರವನ್ನು ಮಕ್ಕಳ ಕೈಗೆ ಒಂಟಿಯಾಗಿ ಬಿಡಲೇಬಾರದು.

ಕೊಂಡ ದುರ್ಬೀನಿನಿಂದ ಮೊದಲ ಏಳು ರಾತ್ರಿಗಳಲ್ಲಿ ಏನೇನನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸುವೆವು.